ಇಳಿದು ನೋಡದ ದಾರಿ

ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ಕೇಳಿಯೂ ರಜೆ ಬಂತೆಂದರೆ ಬೈಕ್ ಒರೆಸಿಕೊಂಡು ಅದೇ ಬೆಟ್ಟಕ್ಕೆ ಹೊರಡುತ್ತೇವೆ. ತಪ್ಪೇನಿಲ್ಲ, ಹೋಗಲೇಬೇಕು. ವಾರವಿಡೀ ದುಡಿದ ಜೀವಕ್ಕೆ ಒಂದಿಷ್ಟು ಗಾಳಿ ಬೇಡವೇ? ಆದರೆ ಚಪ್ಪಲಿ ಕೊಳ್ಳುವಾಗ ಎರಡೂ ಕಾಲಿಗೆ ಹಾಕಿ, ಅಂಗಡಿಯೊಳಗೇ ನಾಲ್ಕು ಹೆಜ್ಜೆ ನಡೆದು ನೋಡುವ ನಾವು, ಬೆಟ್ಟದ ದಾರಿಯನ್ನು ಮಾತ್ರ ಒಂದೇ ಕಾಲಿಗೆ ಹಾಕಿ ನೋಡಿ ಬಂದುಬಿಡುತ್ತೇವೆ. ಅದು ಹೇಗೆ ಅಂತೀರಾ? ನಮ್ಮ ಬೀದಿಯ ಗೇಟಪ್ಪನ ಕತೆ ಕೇಳಿ.

ಗೇಟಪ್ಪ ವೆಲ್ಡಿಂಗ್ ಕೆಲಸದವನು. ಬೀದಿಯ ಅರ್ಧ ಮನೆಗಳ ಗೇಟು, ಕಿಟಕಿಯ ಸರಳು ಅವನ ಕೈಯವೇ, ಅದಕ್ಕೇ ಆ ಹೆಸರು. ನಮ್ಮ ಬೀದಿಯಲ್ಲಿ ಒಂದು ಭಾನುವಾರದ ಗುಂಪು ಇದೆ. ಏಳೆಂಟು ಬೈಕು, ಕೆಲವರ ಹಿಂದೆ ಹೆಂಡತಿ, ಕೆಲವರ ಹಿಂದೆ ಬರೀ ಚೀಲ. ಎಲ್ಲಿಗೆ ಹೋಗುವುದಾದರೂ ಮೊದಲು ಗೇಟಪ್ಪ ಒಬ್ಬನೇ ಹೋಗಿ ದಾರಿ ನೋಡಿಕೊಂಡು ಬರಬೇಕು. ಎಲ್ಲಿ ನಿಂತರೆ ಕಣಿವೆ ಚೆನ್ನಾಗಿ ಕಾಣುತ್ತದೆ, ಎಲ್ಲಿ ಟೀ ಸಿಗುತ್ತದೆ, ಎಲ್ಲಿ ಡಾಂಬರು ಕಿತ್ತುಹೋಗಿದೆ, ಎಲ್ಲವನ್ನೂ ನೋಡಿ ಫೋನಿನಲ್ಲಿ ಫೋಟೋ ಹಿಡಿದು ತರುತ್ತಾನೆ. ಅವನು ಸೈ ಅಂದರೆ ಮುಗಿಯಿತು. ಮಿಕ್ಕವರು ಕಣ್ಣು ಮುಚ್ಚಿಕೊಂಡು ಹಿಂದೆ ಹೋಗುವವರು.

ಹೋದ ವರ್ಷ ಹಾಗೆ ಹೋದ ಗುಂಪು, ಹೋದ ಹಾಗೆ ವಾಪಸು ಬರಲಿಲ್ಲ. ಬೀದಿ ಕೊನೆಯ ಫೋಟೋ ಅಂಗಡಿಯವನು, ನಾವೆಲ್ಲ ‘ಸ್ಟುಡಿಯೋ’ ಅಂತಲೇ ಕರೆಯುತ್ತಿದ್ದ ಮನುಷ್ಯ, ಬೆಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಬಿದ್ದು ಸತ್ತ. ಹಿಂದೆ ಕೂತಿದ್ದ ಹೆಂಡತಿಗೆ ಸೊಂಟ ಮುರಿಯಿತು. ತಲೆಗೆ ಹೆಲ್ಮೆಟ್ ಇತ್ತು, ಜೀವ ಉಳಿಯಿತು. “ಜೋರಾಗಿ ಹೋಗಿರಬೇಕು” ಅಂದರು ಕೆಲವರು. “ಹಣೆಬರಹ” ಅಂದರು ಮಿಕ್ಕವರು. ಏನಾಯಿತು ಅಂತ ಆ ಹೆಂಗಸನ್ನು ಯಾರೂ ಕೇಳಲಿಲ್ಲ. ಹಣೆಬರಹ ಅಂದ ಮೇಲೆ ಕೇಳುವುದೇನಿದೆ, ಅಲ್ಲವೇ? ನನಗಂತೂ ಆ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ.

ಈಗ ಅಂಗಡಿ ನಡೆಸುವವಳು ಆ ಹೆಂಡತಿಯೇ, ಬೀದಿಗೆಲ್ಲ ಅವಳು ಸ್ಟುಡಿಯೋ ಅಕ್ಕ. ಗೋಡೆ ಹಿಡಿದುಕೊಂಡು, ಒಂದು ಕಾಲು ಎಳೆದುಕೊಂಡು ಓಡಾಡುತ್ತಾಳೆ. ಪಾಸ್‌ಪೋರ್ಟ್ ಫೋಟೋಗೆ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ “ಗಲ್ಲ ಸ್ವಲ್ಪ ಮೇಲೆ” ಅನ್ನುತ್ತಾಳೆ, ಗಂಡ ಅನ್ನುತ್ತಿದ್ದ ಹಾಗೆಯೇ. ಗೇಟಪ್ಪ ಅವಳನ್ನು ಅತ್ತಿಗೆ ಅಂತಲೇ ಕರೆಯುವವನು. ಆದರೂ ವರ್ಷದಿಂದ ಆ ಅಂಗಡಿ ಮುಂದೆ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದ. ಒಳಗೆ ಕಾಲಿಟ್ಟಿರಲಿಲ್ಲ.

ಅವತ್ತು ಮಧ್ಯಾಹ್ನ ಕಾಲಿಟ್ಟ. ಹೊರಗೆ ಮೋಡ ಕವಿದು ಅಂಗಡಿಯೊಳಗೆ ಲೈಟು ಹಾಕಿತ್ತು.

“ಅತ್ತಿಗೆ, ಇವಿಷ್ಟು ಫೋಟೋ ಪ್ರಿಂಟ್ ಹಾಕಿಕೊಡಿ. ಗುಂಪಿನವರಿಗೆ ತೋರಿಸ್ಬೇಕು.”

“ಮತ್ತೆ ಹೊರಟ್ರಾ?”

“ನನ್ನ ತಮ್ಮನ ಹೆಂಡ್ತಿ ಬೆಟ್ಟಾನೇ ನೋಡಿಲ್ವಂತೆ. ಮದುವೆ ಆದಾಗಿಂದ ಅವನು ಗಂಟುಬಿದ್ದಿದ್ದಾನೆ. ಹಳೇ ದಾರಿ ಅಲ್ಲ ಅತ್ತಿಗೆ, ಹೊಸದು. ನಾನೇ ಹೋಗಿ ಪೂರ್ತಿ ನೋಡ್ಕೊಂಡು ಬಂದೆ. ಒಂದು ಗುಂಡಿ ಇಲ್ಲ. ಹೂವಿನ ಹಾಗಿದೆ.”

ಅವಳು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಂಡಳು. ಒಂದೊಂದನ್ನೇ ನೋಡುತ್ತಾ ಹೋದಳು. ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ. ಮತ್ತೆ ಮೊದಲಿಂದ ನೋಡಿದಳು. ಗಂಡನ ಜೊತೆ ಫೋಟೋ ತೊಳೆದು ತೊಳೆದು ಪಳಗಿದ ಕಣ್ಣು ಅದು, ಬೇರೆಯವರಿಗೆ ಕಾಣದ್ದು ಅವಳಿಗೆ ಕಾಣುತ್ತದೆ.

“ಗೇಟಪ್ಪ, ಬೆಟ್ಟ ಯಾವ ಕಡೆಯಿಂದ ಇಳಿದೆ?”

“ಆ ಕಡೆಯಿಂದ. ಅಗಲವಾದ ಲಾರಿ ರಸ್ತೆ ಇದೆಯಲ್ಲ, ಬೇಗ ಮನೆ ಸೇರ್ಬೋದು.”

“ಅಂದ್ರೆ ಈ ದಾರೀಲಿ ಹತ್ತಿದ್ದೀಯ, ಇಳಿದಿಲ್ಲ.”

“ಹೌದು.”

“ಗುಂಪು ಹೇಗೆ ಹೋಗುತ್ತೆ?”

“ಲಾರಿ ರಸ್ತೇಲಿ ಹತ್ತಿ, ಇದ್ರಲ್ಲಿ ಇಳಿಯೋದು. ಸಂಜೆ ಬಿಸಿಲಿಗೆ ಕಣಿವೆ ಚಿನ್ನ ಸುರಿದ ಹಾಗೆ ಕಾಣುತ್ತೆ ಅತ್ತಿಗೆ.”

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. “ನೋಡು. ಎಲ್ಲಾ ಫೋಟೋದಲ್ಲೂ ರಸ್ತೆ ಮೇಲಕ್ಕೇ ಹೋಗ್ತಿದೆ. ಒಂದ್ರಲ್ಲೂ ಕೆಳಕ್ಕೆ ಇಳೀತಿಲ್ಲ.”

ಗೇಟಪ್ಪ ನಕ್ಕುಬಿಟ್ಟ. “ಅಯ್ಯೋ, ಅದೇ ರಸ್ತೆ ತಾನೇ? ಹತ್ತಿದ್ರೇನು, ಇಳಿದ್ರೇನು? ಹತ್ತೋದೇ ಕಷ್ಟ. ಇಳಿಯೋಕೆ ಏನು ಮಹಾ, ಗಾಡಿ ತಾನೇ ಇಳ್ಕೊಂಡು ಬರುತ್ತೆ.” ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವನದು.

“ಹೋದ ವರ್ಷದ ದಾರೀನೂ ಹೀಗೇ ನೋಡಿದ್ಯಾ? ಬರೀ ಹತ್ತಿ?”

ಅವನ ನಗು ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತ. ಫೋಟೋ ಹಿಡಿಸಿಕೊಳ್ಳುವವರು ಕೂರುವ ಸ್ಟೂಲು ಅದು, ಎರಡು ಲೈಟುಗಳ ಬೆಳಕು ನೇರ ಮುಖಕ್ಕೆ ಬೀಳುತ್ತಿತ್ತು.

“ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಈಗ ಹೇಳ್ತೀನಿ ಕೇಳು” ಅಂದಳು ಅವಳು. “ನಿಮ್ಮ ಅಣ್ಣ ಜೋರಾಗಿ ಹೋಗ್ತಿರ್ಲಿಲ್ಲ. ಎಲ್ಲರಿಗಿಂತ ಹಿಂದೆ, ನಿಧಾನವಾಗೇ ಇಳೀತಿದ್ರು. ಮೇಲಿಂದ ಬ್ರೇಕ್ ತುಳಿದ ಕಾಲು ತೆಗೀಲೇ ಇಲ್ಲ. ಇಳಿಜಾರು ಮುಗಿಯೋದೇ ಇಲ್ಲ ಅಂತ ಅವರಿಗೇನು ಗೊತ್ತು? ನೀನು ಹೇಳಿರ್ಲಿಲ್ಲ. ನಿನಗೂ ಗೊತ್ತಿರ್ಲಿಲ್ಲ. ನನಗೆ ಸುಟ್ಟ ವಾಸನೆ ಬಂತು. ರೀ, ಏನೋ ವಾಸನೆ ಅಂದೆ. ಯಾರೋ ಕಸ ಸುಡ್ತಿರ್ಬೇಕು ಕಣೇ ಅಂದ್ರು. ಮುಂದಿನ ತಿರುವಲ್ಲಿ ಬ್ರೇಕ್ ತುಳಿದ್ರು, ಹಿಡೀಲಿಲ್ಲ. ಗಾಬರೀಲಿ ಮುಂದಿನ ಚಕ್ರದ ಬ್ರೇಕ್ ಒತ್ತಿದ್ರು. ಕೆಳಗೆ ಮರಳಿತ್ತು.”

ಗೇಟಪ್ಪ ನೆಲ ನೋಡುತ್ತಿದ್ದ.

“ಬಿದ್ದ ಮೇಲೂ ಅವರಿಗೆ ತುಂಬಾ ಹೊತ್ತು ಉಸಿರಿತ್ತು. ಫೋನಿಗೆ ಸಿಗ್ನಲ್ ಇರ್ಲಿಲ್ಲ. ನನಗೆ ಏಳೋಕೆ ಆಗ್ಲಿಲ್ಲ. ನೀವು ಯಾರಾದ್ರೂ ತಿರುಗಿ ಬರ್ತೀರಿ ಅಂತ ದಾರಿ ಕಾಯ್ತಿದ್ದೆ.”

ಆ ಹೊತ್ತಿಗೆ ಗುಂಪು ಎಲ್ಲಿತ್ತು ಅಂತ ಗೇಟಪ್ಪನಿಗೆ ಚೆನ್ನಾಗಿ ಗೊತ್ತು. ಬೆಟ್ಟದ ಬುಡದ ಟೀ ಅಂಗಡಿಯಲ್ಲಿ ಕೂತಿತ್ತು. “ಸ್ಟುಡಿಯೋ ಎಲ್ಲೋ ನಿಂತು ಹೂವಿನ ಫೋಟೋ ಹಿಡೀತಿರ್ತಾನೆ, ಬರ್ಲಿ ಬಿಡ್ರೋ” ಅಂದವನು ಅವನೇ. ಎಲ್ಲರೂ ನಕ್ಕು ಇನ್ನೊಂದು ಟೀ ಹೇಳಿದ್ದರು. ಅದು ನೆನಪಾಗಿ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ಸುಮ್ಮನಿರು ಅನ್ನಲಿಲ್ಲ, ಅಳಲು ಬಿಟ್ಟಳು.

“ಕೊನೆಗೆ ಬಂದದ್ದು ಒಂದು ಲಾರಿ” ಅಂತ ಆಮೇಲೆ ಮುಂದುವರಿಸಿದಳು. “ಆ ಡ್ರೈವರೇ ನಮ್ಮನ್ನ ಆಸ್ಪತ್ರೆಗೆ ಹಾಕಿದ್ದು. ನಾನು ಸುಟ್ಟ ವಾಸನೆ ಅಂದ ತಕ್ಷಣ ಬ್ರೇಕ್ ಕಾದದ್ದು ಅಂತ ಅವರಿಗೆ ಗೊತ್ತಾಯ್ತು. ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ ಗೇರಮ್ಮ, ಆಗ ಎಂಜಿನ್ನೇ ಗಾಡೀನ ಹಿಡ್ಕೊಳ್ಳುತ್ತೆ ಅಂದ್ರು. ಬ್ರೇಕ್ ಒತ್ತಿ ಬಿಡ್ಬೇಕು, ಒತ್ತಿ ಬಿಡ್ಬೇಕು. ಒತ್ಕೊಂಡೇ ಇದ್ರೆ ಕಾದು ಕೈಕೊಡುತ್ತಂತೆ.”

“ಈ ಸಲ ಹೋಗೋದೇ ಬೇಡ ಬಿಡಿ ಅತ್ತಿಗೆ.”

“ಹೋಗ್ಬೇಡ ಅಂತ ನಾನೆಲ್ಲಿ ಅಂದೆ? ನೀನು ಬಿಟ್ರೂ ನಿನ್ನ ತಮ್ಮ ಬಿಡ್ತಾನಾ? ಇವತ್ತಲ್ಲ ನಾಳೆ ಹೆಂಡ್ತೀನ ಕೂರಿಸ್ಕೊಂಡು ಹೊರಡ್ತಾನೆ. ಇಳಿದು ನೋಡು. ಒಬ್ಬನೇ ಅಲ್ಲ. ಚೀಲ ಕಟ್ಕೊಂಡು, ಹಿಂದೆ ಒಬ್ಬರನ್ನ ಕೂರಿಸ್ಕೊಂಡು.”

“ಯಾರನ್ನ ಕೂರಿಸ್ಕೊಳ್ಳಲಿ?”

ಅವಳು ಗಂಡನ ಕ್ಯಾಮೆರಾ ಇಟ್ಟಿದ್ದ ಕಪಾಟಿನ ಕಡೆ ನೋಡಿದಳು. “ನನ್ನೇ” ಅಂದಳು.

ಮನೆಯಲ್ಲಿ ದೊಡ್ಡ ರಂಪವಾಯಿತು. “ಸೊಂಟ ಮುರಿದೋರನ್ನ ಬೈಕ್ ಹತ್ತಿಸ್ತೀರಲ್ಲ, ತಲೆ ನೆಟ್ಟಗಿದ್ಯಾ ನಿಮಗೆ?” ಅಂತ ಗೇಟಪ್ಪನ ಹೆಂಡತಿ ಕೂಗಾಡಿದಳು. ತಮ್ಮನದು ಇನ್ನೊಂದು ರಾಗ. “ಅಣ್ಣ, ಒಂದು ದಾರೀನ ಎಷ್ಟು ಸಲ ನೋಡ್ತೀಯ? ಫೋನಲ್ಲಿ ಮ್ಯಾಪ್ ಇದೆ, ವಿಡಿಯೋ ಇದೆ. ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕಿದ್ರೆ ಆಯ್ತು, ಪೆಟ್ರೋಲೂ ಉಳಿಯುತ್ತೆ.”

“ನೀನೂ ಬಾ, ಹೆಂಡ್ತೀನೂ ಕರ್ಕೊಂಡು ಬಾ” ಅಂದ ಗೇಟಪ್ಪ. “ನ್ಯೂಟ್ರಲ್‌ಗೆ ಕೈ ಹಾಕಿದ್ರೆ ಮಾತ್ರ ಅಲ್ಲೇ ಕೀ ಕಿತ್ಕೊಳ್ತೀನಿ.”

ಹೋದರು. ಎರಡು ಬೈಕು, ನಾಲ್ಕು ಜನ, ನಾಲ್ಕೂ ತಲೆಗೆ ಹೆಲ್ಮೆಟ್. ಬೆಟ್ಟದ ನೆತ್ತಿಯಲ್ಲಿ ಮಂಜು ಕವಿದಿತ್ತು, ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ. ಇಳಿಯಲು ಶುರು ಮಾಡಿದ ಮೇಲೆ ಗೇಟಪ್ಪನಿಗೆ ಗೊತ್ತಾಯಿತು, ಇದು ತಾನು ನೋಡಿದ ರಸ್ತೆಯೇ ಅಲ್ಲ. ಹತ್ತುವಾಗ ಗುಡ್ಡದ ಬದಿಗಿದ್ದವನು ಈಗ ಕಣಿವೆಯ ಅಂಚಿಗಿದ್ದ. ಹತ್ತುವಾಗ ಕಾಣದ ಮರಳು ತಿರುವಿನ ಒಳಮೈಯಲ್ಲಿ ರಾಶಿ ಬಿದ್ದಿತ್ತು. ಹಿಂದಿನ ಭಾರ ಬೆನ್ನಿಗೆ ಒತ್ತುತ್ತಿತ್ತು, ಗಾಡಿ ನಿಲ್ಲಲು ಒಪ್ಪುತ್ತಿರಲಿಲ್ಲ. ಎರಡನೇ ಗೇರಿಗೆ ಇಳಿಸಿದ್ದ, ನಿಜ. ಆದರೂ ಎಷ್ಟೋ ವರ್ಷದ ಅಭ್ಯಾಸ, ಅವನಿಗೇ ತಿಳಿಯದ ಹಾಗೆ ಕಾಲು ಬ್ರೇಕಿನ ಮೇಲೆ ಹೋಗಿ ಕೂತಿತ್ತು.

ಹಿಂದಿನಿಂದ ಅವಳು ಭುಜ ತಟ್ಟಿದಳು.

“ವಾಸನೆ.”

ಗೇಟಪ್ಪ ಏನು, ಎತ್ತ ಅಂತ ಕೇಳಲಿಲ್ಲ. ಅಗಲವಾದ ಕಡೆ ನೋಡಿ ಬದಿಗೆ ತಂದು ನಿಲ್ಲಿಸಿದ. ಹಿಂದೆ ಬಂದ ತಮ್ಮನೂ ನಿಲ್ಲಿಸಿದ.

“ನಂದೇನೂ ವಾಸನೆ ಇಲ್ಲಪ್ಪ” ಅಂದ ತಮ್ಮ. ಗೇಟಪ್ಪ ಕೈ ಒದ್ದೆ ಮಾಡಿಕೊಂಡು ತಮ್ಮನ ಹಿಂದಿನ ಚಕ್ರದ ನಡುವೆ ಎರಡು ಹನಿ ಚಿಮುಕಿಸಿದ. ಕಾದ ಹೆಂಚಿಗೆ ಬಿದ್ದ ಹಾಗೆ ಚುರ್ ಅಂದು ಹನಿ ಆರಿಹೋಯಿತು. ತಮ್ಮ ಆ ಚಕ್ರವನ್ನೇ ನೋಡಿದ, ಆಮೇಲೆ ಕೆಳಗೆ ಮಂಜಿನಲ್ಲಿ ಮುಳುಗಿದ್ದ ತಿರುವು ನೋಡಿದ, ಆಮೇಲೆ ಹೆಂಡತಿಯ ಮುಖ ನೋಡಿದ.

ಸ್ಟುಡಿಯೋ ಅಕ್ಕ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದಳು. ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು.

“ನಾನು ಹೇಳಿದೆ, ನೀನು ನಿಲ್ಲಿಸಿದೆ” ಅಂದಳು. “ಇಷ್ಟೇ ಗೇಟಪ್ಪ. ಅವತ್ತು ಇಷ್ಟೇ ಆಗ್ಬೇಕಿದ್ದದ್ದು.”

ವರ್ಷದಿಂದ ಯಾರ ಮುಂದೆಯೂ ಕಣ್ಣೀರು ಹಾಕದವಳು ಅಲ್ಲಿ ಅತ್ತಳು. ಗೇಟಪ್ಪನ ತಮ್ಮನ ಹೆಂಡತಿ ಹೋಗಿ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು. ಬ್ರೇಕ್ ಆರುವವರೆಗೂ ಎಲ್ಲರೂ ಅಲ್ಲೇ ಕಾದರು. ಆಮೇಲೆ ಎರಡು ಬೈಕೂ ಕಡಿಮೆ ಗೇರಿನಲ್ಲಿ, ನಡುನಡುವೆ ನಿಂತು, ಸಾವಕಾಶವಾಗಿ ಕೆಳಗೆ ಬಂದವು.

ಗುಂಪು ಆಮೇಲೆ ಹೋಯಿತು. ಸಂಜೆಯ ಚಿನ್ನ ಬೇಡ ಅಂತ ಎಲ್ಲರೂ ಸೇರಿ ಹೇಳಿದರು, ಹೊತ್ತಿರುವಾಗಲೇ ಇಳಿದರು. ಬ್ರೇಕ್ ಆರಿಸಲು ಎಲ್ಲಿ ನಿಲ್ಲಬೇಕು, ಎಲ್ಲಿ ಸಿಗ್ನಲ್ ಸಿಗುವುದಿಲ್ಲ, ಹತ್ತಿರದ ಆಸ್ಪತ್ರೆ ಯಾವ ಕಡೆ ಅಂತ ಗೇಟಪ್ಪ ಮೊದಲೇ ಹೇಳಿದ್ದ. ಹೊಸಬನಾದ ತಮ್ಮನನ್ನು ಕೊನೆಗೆ ಬಿಡದೆ ತನ್ನ ಬೆನ್ನಿಗೇ ಇಟ್ಟುಕೊಂಡ. ಪ್ರತಿ ತಿರುವು ದಾಟಿದ ಮೇಲೂ ಮುಂದಿನವನು ಹಿಂದಿನವನು ಕಾಣುವವರೆಗೆ ನಿಂತ. ಸ್ಟುಡಿಯೋ ಅಕ್ಕ ಹೋಗಲಿಲ್ಲ. ಅಂಗಡಿ ಬಾಗಿಲಲ್ಲೇ ಕೂತಿದ್ದು, ಒಂದೊಂದೇ ಬೈಕು ಬೀದಿಗೆ ತಿರುಗುವುದನ್ನು ನೋಡಿ, ಕೊನೆಯದೂ ಬಂದ ಮೇಲೆ ಷಟರ್ ಎಳೆದಳು.

ಬೆಟ್ಟಕ್ಕೆ ಹೊರಟಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಖಂಡಿತ ಹೋಗಿ. ಆದರೆ ದಾರಿ ನೋಡಲು ಹೋದವರು ಹತ್ತಿ ಬಂದರೆ ಸಾಲದು, ಗುಂಪು ಇಳಿಯುವ ದಾರಿಯನ್ನು ಅದೇ ಭಾರ ಹೊತ್ತು ಇಳಿದು ನೋಡಿ. ಇಳಿಜಾರಿನಲ್ಲಿ ಎಂಜಿನ್ ಆರಿಸಬೇಡಿ, ನ್ಯೂಟ್ರಲ್ ಬೇಡ. ಹತ್ತಿದ ಗೇರಿನಲ್ಲೇ ಇಳಿಯಿರಿ, ಬ್ರೇಕಿಗೆ ಉಸಿರಾಡಲು ಬಿಡಿ. ಹಿಂದೆ ಕೂತವರ ತಲೆಯೂ ತಲೆಯೇ, ಅದಕ್ಕೂ ಹೆಲ್ಮೆಟ್ ಹಾಕಿಸಿ. ಗೆಳೆಯ ತಡ ಮಾಡಿದರೆ ನಗಬೇಡಿ, ಗಾಡಿ ತಿರುಗಿಸಿ, ಹುಡುಕಲು ಹೋಗಿ. ಮತ್ತು ಹಿಂದೆ ಕೂತವರು ವಾಸನೆ ಅಂದರೆ ಮೊದಲು ನಿಲ್ಲಿಸಿ, ಏನಂತ ಆಮೇಲೆ ಕೇಳಿ.