ಮೂರನೆಯ ಸಲ ಬಿಚ್ಚಿದ ಕ್ಲಚ್ಚು

ಪಾಂಡಿಯರಾಜನ್ ಅವರ ಹಳೆಯ ಅಂಬಾಸಿಡರ್ ಮೂರನೆಯ ಸಲ ಅಮುದಾಳ ಶೆಡ್ಡಿಗೆ ಬಂತು, ಅದೂ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು. ಚಿನ್ನಮನೂರಿನ ಬಸ್ ನಿಲ್ದಾಣದ ಎದುರೇ ಹಾದು ಬಂದದ್ದರಿಂದ ನೋಡದವರು ಯಾರೂ ಉಳಿಯಲಿಲ್ಲ. ತಮಿಳು ಸೀಮೆಯ ಈ ಕಣಿವೆಯಲ್ಲಿ ಷೇರ್ ಆಟೋಗಿಂತ ಜೋರಾಗಿ ಓಡುವುದು ಸುದ್ದಿಯೊಂದೇ. ಹೆಂಗಸು ಹಾಕಿದ ಕ್ಲಚ್ಚು ಮತ್ತೆ ಕೈಕೊಟ್ಟಿತಂತೆ ಎಂಬುದು ಸಂಜೆಯೊಳಗೆ ಕಂಬಂ ಊರನ್ನೂ ಮುಟ್ಟಿತ್ತು.

ಅಮುದಾ ಈ ಕೆಲಸ ಕಲಿತದ್ದು ಅಪ್ಪ ಮುತ್ತುಸಾಮಿಯಿಂದ. ಆತ ತೀರಿಕೊಂಡ ಮೇಲೆ ಶೆಡ್ಡಿಗೆ ಬೀಗ ಹಾಕದೆ ತಾನೇ ಸ್ಪ್ಯಾನರ್ ಹಿಡಿದಳು. ಪಂಕ್ಚರಿಗೆ, ಬ್ರೇಕಿಗೆ ಜನ ಬರುತ್ತಿದ್ದರು. ಗೇರ್‌ಬಾಕ್ಸ್ ಇಳಿಸುವ ಕೆಲಸ ಬಂದರೆ ಮಾತ್ರ ಮೀಸೆ ಇದ್ದವರನ್ನು ಹುಡುಕಿಕೊಂಡು ತೇನಿಗೆ ಹೋಗುತ್ತಿದ್ದರು. ಹಾಗಿರುವಾಗ ಏಲಕ್ಕಿ ವ್ಯಾಪಾರಿ ಪಾಂಡಿಯರಾಜನ್ ಕಾರು ಬಿಟ್ಟದ್ದೇ ದೊಡ್ಡ ಮಾತು. ಬೋಡಿಮೆಟ್ಟು ಘಾಟಿಯ ಮೇಲೆ ಆತನ ತೋಟದ ಜೀಪುಗಳಿವೆ. ಈ ಕಾರು ಸರಿಹೋದರೆ ಅವುಗಳ ರಿಪೇರಿಯೂ ಅವಳ ಪಾಲಿಗೆ, ಇಲ್ಲದಿದ್ದರೆ ಇನ್ನು ಯಾರೂ ಅವಳನ್ನು ನಂಬಿ ವಾಹನ ಬಿಡುವುದಿಲ್ಲ.

"ಎರಡ್ ದಪಾ ಹಳೇ ಕ್ಲಚ್ ಪ್ಲೇಟ್ ತೆಗ್ದು ಹೊಸ್ದು ಮಾತ್ತಿದೆ," ಎಂದರು ಪಾಂಡಿಯರಾಜನ್, ಕಾರಿನಿಂದ ಇಳಿಯುತ್ತಲೇ. "ಕೊಂಚ ದಿನ ಸುಮ್ನಿರ್ತದೆ. ಆಮೇಲೆ ಮೇಡು, ಏರು ಕಂಡ್ರೆ ಇಂಜಿನ್ ಕೂಗ್ತದೆ, ವಂಡಿ ಮಾತ್ರ ಮುಂದಕ್ ಹೋಗಲ್ಲೆ."

"ನಾನ್ ಸರಿಯಾಗೇ ಹಾಕಿವ್ನಿ, ಮಾಮಾ."

"ಕುಣೀಲಾರದವ್ಳು ನೆಲ ಡೊಂಕು ಅಂದ್ಳಂತೆ. ಇದು ಕಡೇಸಿ ಸಲ, ತಾಯಿ. ಬೋಡಿಮೆಟ್ಟು ಹತ್ಸಿ ತೋರ್ಸು, ಜೀಪೆಲ್ಲಾ ನಿನ್ಗೆ. ಹತ್ತಲಿಲ್ಲಾಂದ್ರೆ ನಾನೂ ತೇನಿಗೇ."

ಅಮುದಾಳಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿಗಿಂತ ಹೆಚ್ಚು ಭಯವಾಯಿತು. ಮೊದಲ ಸಲ ಸವೆದ ಪ್ಲೇಟು ಬದಲಿಸಿದ್ದಳು. ಎರಡನೆಯ ಸಲ ಪ್ಲೇಟಿಗೆ ಎಣ್ಣೆ ಮೆತ್ತಿದ್ದು ಕಂಡು, ಇಂಜಿನ್ನಿನ ಹಿಂದಿನ ಸೀಲು ಸೋರುತ್ತಿದೆ ಎಂದುಕೊಂಡು ಅದನ್ನೂ ಹೊಸದು ಹಾಕಿದ್ದಳು. ಇನ್ನು ಉಳಿದದ್ದು ಏನು?

ಕಾರನ್ನು ಶೆಡ್ಡಿನೊಳಗೆ ನೂಕಿ, ಹ್ಯಾಂಡ್‌ಬ್ರೇಕ್ ಬಿಗಿದು, ಇಂಜಿನ್ ಚಾಲೂ ಮಾಡಿ, ಟಾಪ್ ಗೇರಿಗೆ ಹಾಕಿ ಕ್ಲಚ್ ಮೆಲ್ಲಗೆ ಬಿಟ್ಟಳು. ಕ್ಲಚ್ಚು ಹಿಡಿಯುವಂತಿದ್ದರೆ ಇಂಜಿನ್ ಉಸಿರು ಕಟ್ಟಿ ನಿಲ್ಲಬೇಕು. ಇದು ಏನೂ ಆಗದಂತೆ ಗುರುಗುಟ್ಟುತ್ತಲೇ ಇತ್ತು. ಪ್ಲೇಟು ಜಾರುತ್ತಿದೆ, ಅನುಮಾನವೇ ಇಲ್ಲ.

ಗೇರ್‌ಬಾಕ್ಸ್ ಇಳಿಸಿದಳು. ಪ್ಲೇಟಿಗೆ ಮತ್ತೆ ಎಣ್ಣೆ. ಆದರೆ ಅವಳು ಹಾಕಿದ ಸೀಲು ಒಣಗಿದ ಹುಣಿಸೆ ಸಿಪ್ಪೆಯ ಹಾಗೆ ಪಸೆಯೇ ಇಲ್ಲದೆ, ಒಂದು ಹನಿ ಸೋರದೆ ಕೂತಿತ್ತು. ಇಂಜಿನ್ ಎಣ್ಣೆ ಕಡಿಮೆಯಾಗಿರಲಿಲ್ಲ, ಗೇರ್ ಎಣ್ಣೆಯೂ ಇಳಿದಿರಲಿಲ್ಲ. ಹಾಗಾದರೆ ಈ ಎಣ್ಣೆ ಆಕಾಶದಿಂದ ಬಿತ್ತೇ? ಬೆರಳಿಗೆ ಹಚ್ಚಿ ಉಜ್ಜಿದಳು. ಇಂಜಿನ್ ಎಣ್ಣೆಯ ಕಪ್ಪು ಇದಕ್ಕಿಲ್ಲ. ಅಂಟಂಟು. ಮೂಗಿಗೆ ಹಿಡಿದಳು, ಮತ್ತೊಮ್ಮೆ ಹಿಡಿದಳು. ಹರಳೆಣ್ಣೆ!

ಪಾಂಡಿಯರಾಜನ್ ಮನೆಯವರೂ ಅಮುದಾಳ ಮನೆಯವರಂತೆಯೇ ಹಿಂದೆ ಎತ್ತಿನ ಗಾಡಿ ಕಟ್ಟಿದ ಕನ್ನಡದ ಒಕ್ಕಲು. ಗಾಡಿ ಹೊರಡುವ ಮುಂಚೆ ಮನೆಯ ಹಿರಿಯ ಹೆಂಗಸು ಅಚ್ಚಿಗೆ ಹರಳೆಣ್ಣೆ ಬಿಡಬೇಕೆಂಬುದು ಆ ಮನೆಗಳ ಪದ್ಧತಿ. ಎಣ್ಣೆ ಕಾಣದ ಅಚ್ಚು ದಾರಿಯಲ್ಲಿ ಅಳುತ್ತದೆ, ಅತ್ತ ಗಾಡಿ ಮನೆಗೆ ಮರಳದು ಎನ್ನುತ್ತಿದ್ದರು. ಎತ್ತು ಹೋದರೂ, ಗಾಡಿ ಹೋದರೂ, ಹಿರಿಯ ಹೆಂಗಸರು ಹೋಗುತ್ತಾರೆಯೇ?

ಮರುದಿನ ಬೆಳಗ್ಗೆ ಅಮುದಾ ನೇರವಾಗಿ ಪಾಂಡಿಯರಾಜನ್ ಮನೆಗೆ ಹೋದಳು. ಆತನ ತಾಯಿ ಕರುಪ್ಪಾಯಿ ಜಗಲಿಯ ಮೇಲೆ ಕೂತು ಕಾಳುಮೆಣಸು ಆರಿಸುತ್ತಿದ್ದರು.

"ಅಜ್ಜೀ, ವಂಡಿಗೆ ಎಣ್ಣೆ ಬಿಡ್ತೀರಾ?"

"ಬಿಡ್ದೆ ಇರ್ತಾರಾ?" ಅಜ್ಜಿ ತಲೆ ಎತ್ತಲೂ ಇಲ್ಲ. "ಒಂದ್ ವೆಳ್ಳಿಕೆಳಮೆ, ಒಂದ್ ಸುಕ್ರವಾರ ತಪ್ಪಿದ್ದಿಲ್ಲೆ. ಕಾಲಲ್ಲಿ ಒತ್ತೋದು ಕಿರ್ ಅಂತ ಅಳ್ತದೆ. ಕಾಲ್ ಕೆಳಗಿನ ಜಮಕ್ಕಾಳ ಎತ್ತಿ, ರಬ್ಬರ್ ಮುಚ್ಚಳ ತೆಗ್ದು, ಕೊಕ್ಕಿನ ಡಬ್ಬೀಲಿ ಒಳಕ್ಕೆ ಚೆನ್ನಾಗ್ ಬಿಡ್ತೀನಿ."

ಬಾಗಿಲಲ್ಲಿ ನಿಂತ ಪಾಂಡಿಯರಾಜನ್ ಮುಖ ನೋಡಬೇಕಿತ್ತು. "ಅಮ್ಮಾ!" ಎಂದು ಕೂಗಿದರು.

"ಏನ್ಲಾ? ನಿಮ್ಮಪ್ಪನ ಗಾಡಿ ಒಂದ್ ದಿನ ನಿಂತಿದ್ದುಂಟಾ?"

ಅಮುದಾಳಿಗೆ ನಗು ಬಂತು. ನಕ್ಕರೆ ಮುದುಕಿಯ ಮನಸ್ಸು ನೋಯುತ್ತದೆಂದು ತಡೆದುಕೊಂಡಳು. ಅಜ್ಜಿಯ ಅಂಗೈಗಳನ್ನು ಒಂದಕ್ಕೊಂದು ಒತ್ತಿ ಉಜ್ಜಿಸಿದಳು. "ಒಣ ಕೈ, ಹಿಡ್ಕೊಂತದೆ. ಈಗ ಎಣ್ಣೆ ಹಚ್ಚಿ ಉಜ್ಜಿ. ಜಾರ್ತದಲ್ಲಾ? ಗಾಡಿ ಅಚ್ಚು ಜಾರ್‌ಬೇಕು ಅಜ್ಜೀ, ಕ್ಲಚ್ಚು ಹಿಡೀಬೇಕು. ಅಳ್ತಿರೋದು ಒಳಗಿಂದಲ್ಲ, ಮೇಲಿನ ಪೆಡಲ್ ಪಿನ್ನು. ಅದಕ್ಕೆ ಒಂದ್ ಬೊಟ್ಟು ಗ್ರೀಸ್ ಸಾಕು."

ಕರುಪ್ಪಾಯಿ ಅಂಗೈಗಳನ್ನು ಇನ್ನೊಮ್ಮೆ ಉಜ್ಜಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ತಪ್ಪು ನಂದು. ಹುಡ್ಗೀನ ಬೈದ್ಯಾ ನೀನು?" ಎಂದು ಕೇಳಿದರು. ಪಾಂಡಿಯರಾಜನ್ ತಲೆ ಕೆರೆದುಕೊಂಡರು. ಆದರೆ ಹಟ ಬಿಡಲಿಲ್ಲ. ಎಣ್ಣೆ ಯಾರದ್ದಾದರೂ ಇರಲಿ, ಘಾಟಿ ಹತ್ತಿದ ಮೇಲೆಯೇ ಮಾತು ಎಂದರು.

ಅಮುದಾ ಕ್ಲಚ್ಚಿನ ಒಳಗನ್ನೆಲ್ಲ ತೊಳೆದು, ಪ್ಲೇಟು ಒತ್ತಿ ಹಿಡಿಯುವ ಫ್ಲೈವೀಲನ್ನು ಒಣಬಟ್ಟೆಯಲ್ಲಿ ಉಜ್ಜಿ, ಹೊಸ ಪ್ಲೇಟು ಕೂರಿಸಿದಳು. ಪೆಡಲ್ಲಿನ ಬಿಡುವು ಹೊಂದಿಸಿ, ಟಾಪ್ ಗೇರಿನಲ್ಲಿ ಮತ್ತೆ ಕ್ಲಚ್ ಬಿಟ್ಟಳು. ಇಂಜಿನ್ ಒಮ್ಮೆ ನಡುಗಿ ಪಟ್ಟನೆ ನಿಂತಿತು. ವಾಹನ ನಿಂತುಹೋದದ್ದಕ್ಕೆ ಕುಣಿದಾಡಿದ ಮೆಕ್ಯಾನಿಕ್ ಅವಳೊಬ್ಬಳೇ ಇರಬೇಕು.

ಭಾನುವಾರ ಘಾಟಿಗೆ ಹೊರಟರು. ಸ್ಟಿಯರಿಂಗ್ ಅಮುದಾಳ ಕೈಲಿ, ಪಕ್ಕದಲ್ಲಿ ಪಾಂಡಿಯರಾಜನ್, ಹಿಂದೆ ಹಟ ಹಿಡಿದು ಹತ್ತಿದ ಕರುಪ್ಪಾಯಿ. ಬೆಟ್ಟದ ಬುಡದ ಬೋಡಿ ಊರು ದಾಟಿ ತಿರುವುಗಳು ಶುರುವಾದವು. ಇಂಜಿನ್ ಕೂಗಿದಷ್ಟೂ ಕಾರು ಏರಿತು. ಅರ್ಧ ದಾರಿಯಲ್ಲಿ, ಎಲ್ಲಕ್ಕಿಂತ ಕಡಿದಾದ ತಿರುವಿನ ನಡುಮಧ್ಯೆ ಪಾಂಡಿಯರಾಜನ್ ಹೇಳಿದರು, "ನಿಲ್ಸು."

"ಇಲ್ಲೇನಾ? ಹಿಂದೆ ಲಾರಿ ಅದೆ ಮಾಮಾ."

"ಇಲ್ಲೇ. ನಿಲ್ಸಿ ಮತ್ತೆ ಎತ್ತು."

ನಿಲ್ಲಿಸಿದಳು. ಹಿಂದಿನ ಲಾರಿಯವನು ಹಾರ್ನಿನ ಮೇಲೆ ಕೂತೇಬಿಟ್ಟ. ಫಸ್ಟ್ ಗೇರು ಹಾಕಿ, ಕ್ಲಚ್ಚನ್ನು ಮೆಲ್ಲಗೆ ಎತ್ತಿದಳು. ಪ್ಲೇಟು ಕಚ್ಚಿದ್ದು ಅಂಗಾಲಿಗೆ ತಿಳಿಯಿತು. ಹ್ಯಾಂಡ್‌ಬ್ರೇಕ್ ಬಿಟ್ಟಳು. ಕಾರು ಬೆರಳಷ್ಟೂ ಹಿಂದೆ ಸರಿಯದೆ ಮುಂದಕ್ಕೆ ಹೆಜ್ಜೆ ಇಟ್ಟಿತು, ಮೇಲಕ್ಕೆ ಹೊರಟೇಬಿಟ್ಟಿತು.

"ಹಂಗ್ ಹತ್ತು, ನನ್ ತಾಯೀ!" ಎಂದು ಹಿಂದಿನ ಸೀಟಿನಿಂದ ಕರುಪ್ಪಾಯಿ ಚಪ್ಪಾಳೆ ಹೊಡೆದರು.

ಮೇಲೆ, ಟೀ ಅಂಗಡಿಯ ಮುಂದೆ ಕಾರು ನಿಂತಿತು. ಪಾಂಡಿಯರಾಜನ್ ಇಳಿದವರೇ ತೋಟದ ಡ್ರೈವರ್ ಶರವಣನಿಗೆ ಫೋನ್ ಮಾಡಿದರು. ಅಂಗಡಿಯಲ್ಲಿದ್ದವರೆಲ್ಲ ಕೇಳಲಿ ಎಂಬಷ್ಟು ಗಟ್ಟಿಯಾಗಿ ಮಾತಾಡಿದರು.

"ಶರವಣಾ, ಜೀಪೆಲ್ಲಾ ಇನ್ಮೇಲೆ ತೇನಿಗೆ ಬ್ಯಾಡ, ಚಿನ್ನಮನೂರಿಗೆ ಬಿಡು... ಮುತ್ತುಸಾಮಿ ಶೆಡ್ಡಾ? ಅಲ್ಲಪ್ಪಾ. ಅಮುದಾ ಶೆಡ್ಡು."

ಅಪ್ಪ ಸತ್ತ ಮೇಲೂ ಆ ಶೆಡ್ಡನ್ನು ಯಾರೂ ಅವಳ ಹೆಸರಿನಿಂದ ಕರೆದಿರಲಿಲ್ಲ. ಅಮುದಾ ಸ್ಟಿಯರಿಂಗಿಗೆ ಹಣೆ ಒತ್ತಿ ಅತ್ತಳು, ಸಂತೋಷಕ್ಕೆ, ನಾಚಿಕೆಯಿಲ್ಲದೆ. ಆಮೇಲೆ ಕಣ್ಣೊರೆಸಿಕೊಂಡು ಕೆಳಗಿಳಿದು, ಆ ಜೀಪುಗಳ ಕ್ಲಚ್ಚು ಹೇಗಿದೆ ಎಂದು ವಿಚಾರಿಸಿದಳು.