ಎಡಗಡೆಯ ಕುರ್ಚಿ

ವೈಸಿನಿಯಾಳ ಬಲಗಿವಿ ಹೋಯಿತೆಂದು ತಿಳಿದದ್ದು ಒಂದು ಭಾನುವಾರ, ಮಾಂಗೆರೆಗೆ ವಲಸೆ ಬಂದ ಟೋಂಗಾ ದ್ವೀಪದವರ ಚರ್ಚಿನಲ್ಲಿ. ಹಾಡುವವರ ಗುಂಪಿನಲ್ಲಿ ಅವಳ ಬಲಕ್ಕೆ ಎತ್ತರದ ದನಿಯ ಗಂಡಸರ ಸಾಲು. ಅಂದು ಆ ದನಿಗಳು ಗೋಡೆಯಾಚೆಯಿಂದ ಬಂದಂತೆ ಮಸುಕಾಗಿದ್ದವು. ತಿರುಗಿ ನೋಡಿದರೆ, ಸಾಲಿನ ತುದಿಯಲ್ಲಿ ಅವಳ ಗಂಡ ಸಿಯೊಯೆಲಿ ಕುತ್ತಿಗೆಯ ನರ ಉಬ್ಬುವಂತೆ ಹಾಡುತ್ತಿದ್ದ. ಇಷ್ಟು ಹತ್ತಿರವಿದ್ದೂ ಅವನ ದನಿಯನ್ನು ಅವಳಿಗೆ ಬೇರ್ಪಡಿಸಿಕೊಳ್ಳಲಾಗಲಿಲ್ಲ.

ಆ ಕಿವಿಯ ನರವೇ ಸತ್ತಿದೆ ಎಂದರು ಡಾಕ್ಟರು. ಕಿವಿಯ ಹಿಂದೆ ತಲೆಬುರುಡೆಗೆ ಒಂದು ಸಣ್ಣ ತಿರುಪು ಕೂರಿಸಿ ಅದಕ್ಕೊಂದು ಯಂತ್ರ ಸಿಕ್ಕಿಸಿದರೆ, ಬಲಗಡೆಯ ಸದ್ದು ಮೂಳೆಯ ಮೂಲಕವೇ ಹಾದು ಚೆನ್ನಾಗಿರುವ ಎಡಗಿವಿಗೆ ಮುಟ್ಟುತ್ತದೆ. ಅಲ್ಲಿ ಸ್ವಲ್ಪ ಕೂದಲು ತೆಗೆಯಬೇಕು, ಅಷ್ಟೇ.

ಸಿಯೊಯೆಲಿಯ ಅಕ್ಕ ಫುಸಿ ಇದನ್ನು ಕೇಳಿ ಕೈಯಲ್ಲಿದ್ದ ಗೆಣಸನ್ನು ಕೆಳಗಿಟ್ಟಳು.

"ಏನಂದೆ? ಕತ್ತರಿಯಾ? ಹೆಂಡತಿ ಕೂದಲಿಗೆ ಕತ್ತರಿ ಬೀಳೋದು ಗಂಡ ಸತ್ತಾಗ. ಅದೂ ಅವನ ಅಕ್ಕನ ಕೈಯಿಂದ. ನನ್ನ ತಮ್ಮ ಗುಂಡುಕಲ್ಲಿನ ಹಾಗೆ ಕೂತಿದಾನೆ, ಕಾಣಲ್ವಾ ನಿಂಗೆ?"

ಅಕ್ಕನಿಗೆ ಎದುರಾಡುವ ಪದ್ಧತಿ ಅವರಲ್ಲಿಲ್ಲ. ಸಿಯೊಯೆಲಿ ತಲೆ ತಗ್ಗಿಸಿ ಕೂತ. ವೈಸಿನಿಯಾ ಆಸ್ಪತ್ರೆಗೆ ಬರುವುದಿಲ್ಲವೆಂದು ಹೇಳಿ ಕಳಿಸಿದಳು.

ಮುಂದಿನ ಭಾನುವಾರ ಸಿಯೊಯೆಲಿ ತನ್ನ ಸಾಲು ಬಿಟ್ಟು ಬಂದು ಹೆಂಡತಿಯ ಎಡಗಡೆ ಕುರ್ಚಿ ಹಾಕಿಕೊಂಡ.

"ಅದು ಹೆಂಗಸರ ಸಾಲು ಮಾರಾಯ!" ಎಂದ ಹಾಡಿನ ಗುರು ಮನಾಸೆ.

"ಗೊತ್ತು ಗುರುಗಳೇ. ನನ್ನ ಹಾಡು ಇವಳಿಗೆ ಕೇಳಬೇಕಲ್ಲ. ಬೇಕಾದ್ರೆ ನಾನೂ ಕಿವಿಗೊಂದು ಹೂ ಸಿಕ್ಕಿಸ್ಕೋತೀನಿ."

ಇಡೀ ಚರ್ಚು ನಕ್ಕಿತು. ಅಂದಿನಿಂದ ಎಲ್ಲಿ ಹೋದರೂ ಅವನು ಅವಳ ಎಡಕ್ಕೇ ನಡೆದ. ಮನೆಯಲ್ಲಿ ಮಾತ್ರ ಆಗಾಗ ಹೇಳುತ್ತಿದ್ದ: "ಅದನ್ನ ಹಾಕಿಸ್ಕೋ ಕಣೇ. ನಾನಿಲ್ಲದಾಗ ಬಲಗಡೆಯಿಂದ ಯಾರು ಕರೆದರೂ ನಿಂಗೆ ಗೊತ್ತಾಗಲ್ಲ."

"ಅಕ್ಕ ಒಪ್ಪಲಿ," ಎನ್ನುತ್ತಿದ್ದಳು.

ಎರಡು ವರ್ಷ ಹೀಗೆ ಕಳೆಯಿತು. ಒಂದು ಮಧ್ಯಾಹ್ನ, ಅಂಗಳದಲ್ಲಿ ಕೆಸುವಿನ ಗಿಡಕ್ಕೆ ನೀರು ಹಾಕುತ್ತಿದ್ದಾಗ ಸಿಯೊಯೆಲಿಯ ಹೃದಯ ನಿಂತಿತು.

ಮಣ್ಣಾದ ಹತ್ತನೆಯ ದಿನ ವೈಸಿನಿಯಾ ಶೋಕದ ಗುರುತಾಗಿ ಸೊಂಟಕ್ಕೆ ಹರಕು ಚಾಪೆ ಸುತ್ತಿಕೊಂಡು ನೆಲದ ಮೇಲೆ ಕೂತಳು. ಫುಸಿ ಕತ್ತರಿ ಹಿಡಿದು ಅವಳ ಹಿಂದೆ ಕೂತಳು. ಉದ್ದನೆಯ ಜಡೆ ತುಂಡಾಗಿ ಮಡಿಲಿಗೆ ಬಿತ್ತು. ಆಮೇಲೆ ಕತ್ತರಿಯ ಸದ್ದು ನಿಂತಿತು. ಫುಸಿ ಬಲಗಡೆಯಿಂದ ಏನೋ ಕೇಳಿದಳು. ಉತ್ತರ ಬಾರದ್ದು ಕಂಡು ಮೊಣಕಾಲೂರಿಕೊಂಡೇ ಎಡಗಡೆಗೆ ಸರಿದು ಬಂದಳು.

"ಡಾಕ್ಟರು ಕೇಳಿದ್ದ ಜಾಗ ಯಾವುದೇ, ವೈಸಿ?"

ವೈಸಿನಿಯಾ ಬಲಗಿವಿಯ ಹಿಂದೆ ಬೆರಳಿಟ್ಟು ತೋರಿಸಿದಳು. ಫುಸಿ ಮತ್ತೆ ಹಿಂದಕ್ಕೆ ಹೋಗಿ, ಅಲ್ಲಿ ಚರ್ಮ ಕಾಣುವ ಹಾಗೆ ನಿಧಾನವಾಗಿ ಕತ್ತರಿಸಿದಳು.

"ನನ್ನ ತಮ್ಮ ಒಂದು ದಿನವೂ ನಂಗೆ ಎದುರಾಡಲಿಲ್ಲ," ಎಂದಳು, ಎಡಗಡೆ ಬಾಗಿ. "ಆಡಬೇಕಿತ್ತು. ಹೆದರಿಕೊಂಡಿದ್ದೆ ಕಣೇ. ಕತ್ತರಿ ಇಟ್ರೆ ಅವನು ಹೋಗಿಬಿಡ್ತಾನೆ ಅಂತ. ಇಡದೇ ಇದ್ದರೂ ಹೋದ."

"ಬಿಡು ಅಕ್ಕ."

"ಬಿಡಲ್ಲ. ಅವನ ಆಸೆ ಇದೊಂದೇ ಉಳಿದಿರೋದು. ಜಾಗ ನಾನೇ ಮಾಡಿಕೊಟ್ಟಿದೀನಿ. ಗಂಡನ ಅಕ್ಕ ಅಪ್ಪಣೆ ಕೊಟ್ಟಳು ಅಂತ ಹೋಗಿ ಹೇಳು."

ಆಸ್ಪತ್ರೆಯಲ್ಲಿ ಕೂರಿಸಿದ ತಿರುಪು ಮೂಳೆಗೆ ಬೆಸೆದುಕೊಳ್ಳಲು ಮೂರು ತಿಂಗಳು ಕಾದರು. ಯಂತ್ರ ಸಿಕ್ಕಿಸಿದ ದಿನ ವೈಸಿನಿಯಾ ಮೊದಲು ಕೇಳಿದ್ದು, ಬಲಗಡೆ ಕೂತ ಫುಸಿ ಮೂಗೆಳೆದ ಸದ್ದು.

"ಅಳ್ತಿದೀಯಾ ಅಕ್ಕ?"

"ನೆಗಡಿ. ಕಿವಿ ಬಂತು ಅಂತ ಎಲ್ಲಾ ಕೇಳಿಸ್ಕೋಬೇಡ."

ಆ ಭಾನುವಾರ ವೈಸಿನಿಯಾ ತನ್ನ ಜಾಗದಲ್ಲಿ ಕೂತಳು. ಎಡಗಡೆಯ ಕುರ್ಚಿಯನ್ನು ಯಾರೂ ತೆಗೆದಿರಲಿಲ್ಲ, ಯಾರೂ ಕೂತಿರಲಿಲ್ಲ. ಮನಾಸೆ ಕೈ ಎತ್ತಿದ. ಬಲಗಡೆಯ ಗಂಡಸರ ಸಾಲು ಎದ್ದು ನಿಂತು ಹಾಡಿತು. ಒಂದೊಂದು ದನಿಯೂ ಚೂಪಾಗಿ, ಬಿಡಿಬಿಡಿಯಾಗಿ ಬಂದಿತು. ಆದರೆ ಡಾಕ್ಟರು ಮೊದಲೇ ಹೇಳಿದ್ದಂತೆ, ಬಂದದ್ದು ಎಡಗಿವಿಗೆ. ಕಣ್ಣು ಮುಚ್ಚಿದರೆ, ಅವನು ಕೂರುತ್ತಿದ್ದ ಕುರ್ಚಿಯ ಕಡೆಯಿಂದಲೇ ಆ ಸಾಲು ಹಾಡುತ್ತಿತ್ತು.

ಅವಳು ಕಣ್ಣು ತೆರೆಯಲಿಲ್ಲ. ಖಾಲಿ ಕುರ್ಚಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು.

"ಕರ್ತನೇ, ನನ್ನ ಪಕ್ಕದಲ್ಲಿ ಕೂರುವುದಕ್ಕಾಗಿ ತನ್ನ ಸಾಲನ್ನೇ ಬಿಟ್ಟು ಬಂದವನು ಇವನು. ನಿನ್ನ ಸನ್ನಿಧಿಯಲ್ಲಿ ಹಾಡುವವರ ಸಾಲಿಗೆ ಇವನನ್ನು ಸೇರಿಸಿಕೋ. ಇವನ ಆತ್ಮಕ್ಕೆ ನಿನ್ನ ಶಾಂತಿಯನ್ನು ದಯಪಾಲಿಸು. ಆಮೆನ್."