ಏರಿನಲ್ಲಿ ಎಳೆಯದ ಕಾರು

ಆ ಬೀದಿಯಲ್ಲಿ ಮೆಕ್ಯಾನಿಕ್‌ಗೆ ಕಿವಿ ಮೇಸ್ತ್ರಿ ಅಂತಲೇ ಹೆಸರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತನೆಂದರೆ ಮುಗಿಯಿತು. ಮೂರನೇ ಪ್ಲಗ್ ಸತ್ತಿದೆ, ಕಿಡಿ ಹಾರೋ ಟೈಮಿಂಗ್ ಹಿಂದೆ ಬಿದ್ದಿದೆ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಿದ್ದ. ಹತ್ತಕ್ಕೆ ಒಂಬತ್ತು ಸಲ ಸರಿಯೂ ಇರುತ್ತಿತ್ತು. ಅವನ ತಲೆ ಕೆಡಿಸಿದ್ದೇ ಆ ಒಂಬತ್ತು ನೋಡಿ.

ಸ್ವಂತ ತಂಗಿ ಕಾರು ತಂದು ನಿಲ್ಲಿಸಿದಾಗಲೂ ಕೈ ಹೋದದ್ದು ಸ್ಕ್ರೂಡ್ರೈವರಿಗೇ. ಹದಿನೆಂಟು ವರ್ಷದ ಹಳೇ ಕಾರು. ಮರುದಿನ ಬೆಳಿಗ್ಗೆ ಅವಳು ಎಂಟು ವರ್ಷದ ಮಗಳನ್ನು ಕೂರಿಸಿಕೊಂಡು ಬೆಟ್ಟ ಹತ್ತಿ ಇಳಿದು, ಆಚೆ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಬೇಕಿತ್ತು.

"ಅಣ್ಣ, ಎಷ್ಟು ತುಳಿದರೂ ಓಡಲ್ಲ. ಏರು ಬಂದರಂತೂ ಮುಗೀತು. ಇನ್ನೊಂದು ವಿಷಯ, ನ್ಯೂಟ್ರಲ್‌ಗೆ ಹಾಕಿದರೆ ಉರುಳೋದೂ ಇಲ್ಲ. ಯಾರೋ ಹಿಡಿದುಕೊಂಡ ಹಾಗೆ ನಿಂತುಬಿಡುತ್ತೆ."

"ಅಯ್ಯೋ ತಾಯಿ, ಸೂಜಿ ಚುಚ್ಚೋದು ನಿನ್ನ ಕೆಲಸ. ಇದರ ರೋಗ ಕಂಡುಹಿಡಿಯೋದು ನನಗೆ ಬಿಡು."

ಎಷ್ಟು ಸ್ಪಷ್ಟವಾಗಿ ಹೇಳಿದ್ದಳು ಪಾಪ! ಕೇಳಿಸಿಕೊಂಡನೇ? ಇಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀದಿಯ ಏರಿನಲ್ಲಿ ಒಂದು ಸುತ್ತು ಹೊಡೆದು ಬಂದ. ಏರ್ ಫಿಲ್ಟರ್ ತೆಗೆದು ನೋಡಿದರೆ ಧೂಳು ತುಂಬಿ ಕಂಬಳಿಯಾಗಿತ್ತು. ಪ್ಲಗ್ಗುಗಳು ಕಪ್ಪಗಿದ್ದವು. "ನೋಡಿದ್ಯಾ, ಉಸಿರು ಕಟ್ಟಿದೆ ಬಡಪಾಯಿಗೆ" ಅಂತ ಖುಷಿಪಟ್ಟ. ಕಾರ್ಬುರೇಟರ್ ಬಿಚ್ಚಿ ತೊಳೆದ, ಹೊಸ ಪ್ಲಗ್ ಹಾಕಿದ, ಇನ್ನೊಂದು ಸುತ್ತು ಹೋಗಿ ಬಂದು ಟೈಮಿಂಗ್ ಕೂಡಿಸಲು ಮತ್ತೆ ಕಿವಿಗೆ ಸ್ಕ್ರೂಡ್ರೈವರ್ ಒತ್ತಿಕೊಂಡ.

ಅಷ್ಟರಲ್ಲಿ ಪಕ್ಕದ ಅಂಗಡಿಯ ಪಂಕ್ಚರ್ ಅಜ್ಜ ಟೈರಿನ ಗಾಳಿ ನೋಡಲು ಬಂದ. ಎಡಗಡೆ ಮುಂದಿನ ಚಕ್ರದ ಹತ್ತಿರ ಕೂತವನು ಥಟ್ಟನೆ ಕೈ ಒದರಿಕೊಂಡು ಏನೋ ಅಂದ. ಮೇಸ್ತ್ರಿ ಕಣ್ಣು ತೆರೆಯಲಿಲ್ಲ. ಸುಮ್ಮನಿರು ಅಂತ ಕೈಯೆತ್ತಿದ. ಅಜ್ಜನಿಗೂ ಅಭಿಮಾನ ಇರಲ್ವೇ? ಗಾಳಿ ತುಂಬಿ ಮೂತಿ ಊದಿಸಿಕೊಂಡು ಹೋದ.

ಎಲ್ಲ ಮುಗಿದ ಮೇಲೆ ಕಾರು ಅದೇ ಏರನ್ನು ಮೂರನೇ ಗೇರಿನಲ್ಲಿ ಹತ್ತಿತು. ತಂಗಿಯ ಮುಖ ಅರಳಿತು.

"ಒಂದು ಮಾತು" ಅಂದ ಮೇಸ್ತ್ರಿ. "ಸೈಲೆನ್ಸರ್ ಮೇಲೆ ಎಣ್ಣೆ ಚೆಲ್ಲಿದೆ. ನಾಳೆ ಸುಟ್ಟ ವಾಸನೆ ಬರುತ್ತೆ. ಹೆದರಿಕೊಂಡು ದಾರೀಲಿ ನಿಲ್ಲಿಸಬೇಡ, ತಾನೇ ಹೋಗುತ್ತೆ."

"ನೀನು ಹೇಳಿದ ಮೇಲೆ ಮುಗೀತು ಅಣ್ಣ" ಅಂದಳು ತಂಗಿ.

ಮರುದಿನ ಎಂಟು ಗಂಟೆಗೆ ಪಂಕ್ಚರ್ ಅಜ್ಜ ಬಂದು ಬಾಗಿಲಲ್ಲಿ ನಿಂತ. ಅಂಗೈಗೆ ಬಟ್ಟೆ ಸುತ್ತಿತ್ತು.

"ಆ ಎಡಗಡೆ ಬ್ರೇಕ್ ಬಿಡಿಸಿ ಕಳಿಸಿದ್ಯೇನಪ್ಪ?"

"ಯಾವ ಬ್ರೇಕು?"

"ನಿನ್ನ ತಂಗಿ ಕಾರಿಂದು. ರಿಮ್ ಕಾದ ಹೆಂಚಾಗಿತ್ತು. ಕೈ ಸುಟ್ಟುಕೊಂಡು ಹೇಳಿದೆ, ಸುಮ್ಮನಿರು ಅಂದೆ ನೀನು."

ಮೇಸ್ತ್ರಿಗೆ ಈಗ ತಂಗಿಯ ಮಾತು ನೆನಪಾಯಿತು. ಯಾರೋ ಹಿಡಿದುಕೊಂಡ ಹಾಗೆ ಅಂದಿದ್ದಳಲ್ಲ! ಬ್ರೇಕ್ ಕಚ್ಚಿಕೊಂಡು ಬಿಡುತ್ತಿರಲಿಲ್ಲ, ಅದಕ್ಕೇ ಕಾರು ಎಳೆಯುತ್ತಿರಲಿಲ್ಲ. ಇವನು ಕಚ್ಚಿದ್ದನ್ನು ಬಿಡಿಸುವ ಬದಲು ಇಂಜಿನ್ನಿಗೆ ಇನ್ನಷ್ಟು ಬಲ ಕೊಟ್ಟಿದ್ದ. ಬೆಟ್ಟ ಹತ್ತುವಷ್ಟು ಹೊತ್ತೂ ಆ ಚಕ್ರ ಕಾಯುತ್ತದೆ, ಬ್ರೇಕ್ ಎಣ್ಣೆ ಕುದಿಯುತ್ತದೆ. ಇಳಿಜಾರಿನಲ್ಲಿ ತುಳಿದರೆ ಪೆಡಲ್ ಸುಮ್ಮನೆ ನೆಲಕ್ಕಿಳಿಯುತ್ತದೆ. ಸುಟ್ಟ ವಾಸನೆ ಬಂದರೂ ನಿಲ್ಲಿಸಬೇಡ ಅಂತ ಬೇರೆ ತನ್ನ ಬಾಯಾರೆ ಹೇಳಿ ಕಳಿಸಿದ್ದ.

ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ನಾಲ್ಕನೇ ಸಲಕ್ಕೆ ಸೋದರ ಸೊಸೆಯ ಧ್ವನಿ ಕೇಳಿಸಿತು.

"ಮಾವ, ಅಮ್ಮ ಡ್ರೈವ್ ಮಾಡ್ತಿದ್ದಾಳೆ, ಮಾತಾಡಲ್ಲ."

"ಎಲ್ಲಿದ್ದೀರಾ ಪುಟ್ಟಿ?"

"ಬೆಟ್ಟ ಹತ್ತಿಯಾಯ್ತು, ಈಗ ಇಳೀತಿದ್ದೀವಿ. ತುಂಬಾ ವಾಸನೆ ಮಾವ. ನೀನು ಹೇಳಿದ್ಯಲ್ಲ, ಅದಕ್ಕೆ ಅಮ್ಮ ನಿಲ್ಲಿಸಿಲ್ಲ."

"ಸ್ಪೀಕರ್ ಹಾಕು! ಬೇಗ ಹಾಕು!"

ತಂಗಿಯ ಧ್ವನಿ ದೂರದಿಂದ ಬಂತು. "ಅಣ್ಣ, ಬ್ರೇಕ್ ಮೆತ್ತಗಾಗಿದೆ. ತುಳಿದರೆ ಏನೂ ಸಿಗ್ತಿಲ್ಲ."

"ಕಾಲು ಆಕ್ಸಿಲರೇಟರ್‌ನಿಂದ ಪೂರ್ತಿ ತೆಗಿ. ಎರಡನೇ ಗೇರಿಗೆ ಹಾಕು. ಇಂಜಿನ್ ಆಫ್ ಮಾಡಬೇಡ."

ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಗೇರ್ ಕಿರುಗುಟ್ಟಿತು. ಇಂಜಿನ್ ಅರಚಿತು. ಅವನೇ ಕೂಡಿಸಿದ ಇಂಜಿನ್. ಅರಚಾಟ ಸ್ವಲ್ಪ ಇಳಿಯುವವರೆಗೆ ಕಾದ.

"ಈಗ ಒಂದನೇ ಗೇರು. ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳಿ. ಒಂದೇ ಸಲ ಎಳೀಬೇಡ, ಮೆಲ್ಲಗೆ. ಬಂಡೆ ಕಡೆ ಒತ್ತಿಕೊಂಡು ಹೋಗು."

ತಗಡು ಕಲ್ಲಿಗೆ ಉಜ್ಜಿದ ಸದ್ದು. ಮಗು ಕಿರುಚಿತು. ಆಮೇಲೆ ಏನೂ ಇಲ್ಲ, ಇಂಜಿನ್ ಸದ್ದೂ ಇಲ್ಲ. ಪಂಕ್ಚರ್ ಅಜ್ಜ ಎದುರಿಗೆ ನಿಂತು ಏನಾಯ್ತು ಅಂತ ಕೇಳುತ್ತಿದ್ದ.

"ಪುಟ್ಟಿ? ಪುಟ್ಟೀ!"

"ನಿಂತಿತು ಮಾವ" ಅಂದಿತು ಮಗು. "ಅಮ್ಮ ಅಳ್ತಿದ್ದಾಳೆ."

ತುಂಬಾ ಹೊತ್ತಿನ ಮೇಲೆ ತಂಗಿ ಫೋನ್ ತೆಗೆದುಕೊಂಡಳು. ಬೈಯುತ್ತಾಳೆ ಅಂದುಕೊಂಡಿದ್ದ ಮೇಸ್ತ್ರಿ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬೆಟ್ಟದ ಮೇಲೆ ಹೊಗೆ ಬಂದಾಗ ಮಗಳು ನಿಲ್ಲಿಸಮ್ಮ ಅಂದಳು, ಅಣ್ಣ. ಮಾವನಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂತ ಗದರಿಸಿಬಿಟ್ಟೆ."